ಆರು ವರ್ಷ ಕಾದ ಪೆನಾಲ್ಟಿ

ಪ್ರಶ್ನೆ: ಸರ್, ನನ್ನ ಮಗನಿಗೆ ಹದಿಮೂರು ವರ್ಷ. ಸ್ಕೂಲ್ ಟೂರ್ನಮೆಂಟ್ ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಮಿಸ್ ಮಾಡ್ಕೊಂಡ, ಆವತ್ತಿಂದ ಶೂ ಮುಟ್ಟಿಲ್ಲ. ಅವನ ಕೋಚ್ "ಸ್ಟುವರ್ಟ್ ಪಿಯರ್ಸ್ ಕಥೆ ಹೇಳಿ ಅವ್ನಿಗೆ" ಅಂದ್ರು. ನನಗೆ ಕ್ರಿಕೆಟ್ ಬಿಟ್ರೆ ಬೇರೇನೂ ಗೊತ್ತಿಲ್ಲ. ಯಾರು ಸರ್ ಇವ್ರು?
(ಆಸ್ಟಿನ್ ಟೌನ್, ಬೆಂಗಳೂರು)

ಉತ್ತರ: ಕೋಚ್ ಸರಿಯಾದ ಹೆಸರೇ ಹೇಳಿದಾರೆ. 1990ರ ಜುಲೈ 4, ಇಟಲಿಯ ಟ್ಯೂರಿನ್, ವರ್ಲ್ಡ್ ಕಪ್ ಸೆಮಿಫೈನಲ್. ಇಂಗ್ಲೆಂಡ್‌ಗೂ ಪಶ್ಚಿಮ ಜರ್ಮನಿಗೂ 1-1 ಆಗಿ ಪೆನಾಲ್ಟಿಗೆ ಹೋಯ್ತು, ಅಂದ್ರೆ ಎರಡೂ ಕಡೆಯವ್ರು ಒಬ್ಬೊಬ್ಬರಾಗಿ ಬಂದು ಗೋಲ್‌ಕೀಪರ್ ಒಬ್ಬನ ಎದುರು ಹೊಡೀಬೇಕು. ಇಂಗ್ಲೆಂಡ್‌ನ ಮೊದಲ ಮೂರೂ ಜನ ಗೋಲ್ ಹೊಡೆದ್ರು, ನಾಲ್ಕನೆಯವನಾಗಿ ಬಂದಿದ್ದು ಲೆಫ್ಟ್ ಬ್ಯಾಕ್, ಅಂದ್ರೆ ಎಡಗಡೆ ಡಿಫೆನ್ಸ್ ಆಡೋ ಪಿಯರ್ಸ್. ಎಡಗಾಲಲ್ಲಿ ಇರೋ ಶಕ್ತಿಯೆಲ್ಲ ಹಾಕಿ ನೇರ ಬಾರಿಸಿದ, ಗೋಲ್‌ಕೀಪರ್ ಇಲ್ಗ್ನರ್ ಅಷ್ಟರಲ್ಲಿ ಪಕ್ಕಕ್ಕೆ ಹಾರಿಬಿಟ್ಟಿದ್ದ, ಆದ್ರೂ ಬಾಲ್ ಹೋಗಿ ಅವನ ಕಾಲಿಗೆ ಬಡಿದು ವಾಪಸ್ ಬಂತು. ಮುಂದಿನವನು ಕ್ರಿಸ್ ವಾಡಲ್, ಅವನದು ಬಾರ್ ಮೇಲೆ ಹಾರಿಹೋಯ್ತು. ಫೈನಲ್ ಕೈತಪ್ತು. ಅಂಥಾ ಗಟ್ಟಿ ಆಸಾಮಿ ಪಿಯರ್ಸ್ ಆವತ್ತು ಮೈದಾನದಲ್ಲೇ ಅತ್ತ.

ಈಗ 1996ಕ್ಕೆ ಬನ್ನಿ. ಯೂರೋಪಿನ ದೇಶಗಳು ಆಡೋ ಯೂರೋ ಕಪ್, ಲಂಡನ್ನಿನ ವೆಂಬ್ಲಿ, ಕ್ವಾರ್ಟರ್‌ಫೈನಲ್, ಎದುರಿಗೆ ಸ್ಪೇನ್. 0-0, ಮತ್ತೆ ಪೆನಾಲ್ಟಿ. ಪಿಯರ್ಸ್‌ಗೆ 34 ವರ್ಷ, "ನಂಗೆ ಬೇಡಪ್ಪ, ಬೇರೆಯವ್ರು ಹೊಡೀಲಿ" ಅಂದಿದ್ರೆ ಯಾರೂ ಏನೂ ಅಂತಿರ್ಲಿಲ್ಲ, ಆದ್ರೆ ಮೂರನೆಯವನಾಗಿ ಇವನೇ ಬಂದ, ಬಾಲ್ ಇಟ್ಟ, ಹೊಡೆದ, ಒಳಗೆ ಹೋಯ್ತು. ಆಮೇಲೆ ಪ್ರೇಕ್ಷಕರ ಕಡೆ ತಿರುಗಿ ಮುಷ್ಟಿ ಬಿಗಿಹಿಡಿದು ಕಿರುಚಿದ ನೋಡಿ, ಕುತ್ತಿಗೆ ನರ ಎಲ್ಲ ಎದ್ದು ನಿಂತಿದೆ, ಕಣ್ಣು ಕೆಂಡ, ಆರು ವರ್ಷ ಒಳಗೇ ಇಟ್ಕೊಂಡಿದ್ದೆಲ್ಲ ಆ ಒಂದು ಕೂಗಲ್ಲಿ ಹೊರಗೆ ಬಂತು. ಆ ವಿಡಿಯೋ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಈಗ್ಲೂ ಮೈ ಜುಂ ಅನ್ನುತ್ತೆ. ನಾಲ್ಕು ದಿನ ಆದ್ಮೇಲೆ ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಜರ್ಮನಿ, ಮತ್ತೆ ಪೆನಾಲ್ಟಿ, ಅಲ್ಲೂ ಹೊಡೆದ. ಆವತ್ತು ಮಿಸ್ ಮಾಡಿದ್ದು ಗ್ಯಾರೆತ್ ಸೌತ್‌ಗೇಟ್, ಮುಂದೆ ಅದೇ ಇಂಗ್ಲೆಂಡ್ ಟೀಮ್‌ಗೆ ಮ್ಯಾನೇಜರ್ ಆದವನು.

ಮಗನಿಗೆ ಬುದ್ಧಿ ಹೇಳೋಕೆ ಹೋಗ್ಬೇಡಿ, ಈ ಎರಡು ವಿಡಿಯೋ ಪಕ್ಕದಲ್ಲಿ ಕೂತ್ಕೊಂಡು ಒಟ್ಟಿಗೆ ನೋಡಿ. 1990ರದ್ದು ಮೊದಲು.

ಪ್ರಶ್ನೆ: ಪಿಯರ್ಸ್‌ನ "ಸೈಕೋ" ಅಂತ ಯಾಕೆ ಕರೀತಿದ್ರು? ಅಷ್ಟು ರಫ್ ಆಟಗಾರನಾ?
(ದಾವಣಗೆರೆ)

ಉತ್ತರ: ಬಾಲ್ ಕಿತ್ಕೊಳ್ಳೋಕೆ ಟ್ಯಾಕಲ್‌ಗೆ ಇಳಿದ್ರೆ ಎದುರಿನ ವಿಂಗರ್‌ಗೆ (ಅಂಚಿನಲ್ಲಿ ಓಡಿ ಬರೋ ಆಟಗಾರನಿಗೆ) ನಡುಕ ಬರೋದು, ಅದಕ್ಕೇ ಆ ಹೆಸರು. ಆದ್ರೆ ನನ್ನ ಪ್ರಕಾರ ಏಟು ಕೊಡೋದಕ್ಕಿಂತ ತಿನ್ನೋದ್ರಲ್ಲಿ ಇವನ ಗಟ್ಟಿತನ ಗೊತ್ತಾಗುತ್ತೆ. 1992ರ ಯೂರೋದಲ್ಲಿ ಫ್ರಾನ್ಸ್‌ನ ಬೆಸಿಲ್ ಬೋಲಿ ತಲೆಯಿಂದ ಇವನ ಮುಖಕ್ಕೆ ಗುದ್ದಿದ, ರೆಫರಿ ನೋಡ್ಲಿಲ್ಲ. ಕೆನ್ನೆಯಿಂದ ರಕ್ತ ಸುರೀತಿದೆ, ಇವ್ನು ಹೋಗಿ ಫ್ರೀ ಕಿಕ್ ತಗೊಂಡ, ಬಾಲ್ ಕ್ರಾಸ್‌ಬಾರ್‌ಗೆ ಬಡೀತು. ಮ್ಯಾಚ್ ಮುಗಿದ್ಮೇಲೆ ಪ್ರೆಸ್‌ನವ್ರು ಕೇಳಿದ್ರೆ ಬೋಲಿ ಮೇಲೆ ಒಂದು ಚಾಡಿ ಹೇಳ್ಲಿಲ್ಲ.

ಬಂದ ದಾರಿನೂ ಹಾಗೇ ಇತ್ತು. ವೀಲ್ಡ್‌ಸ್ಟೋನ್ ಅನ್ನೋ, ದೊಡ್ಡ ಲೀಗ್‌ಗಳ ಆಚೆಯ ಸಣ್ಣ ಕ್ಲಬ್‌ನಲ್ಲಿ ಆಡ್ತಾ ಎಲೆಕ್ಟ್ರಿಷಿಯನ್ ಕೆಲಸ ಮಾಡ್ತಿದ್ದ. 1983ರಲ್ಲಿ ಕವೆಂಟ್ರಿ ಕ್ಲಬ್ ತಗೊಳ್ತು, 1985ರಲ್ಲಿ ಬ್ರಯಾನ್ ಕ್ಲಫ್ ಮ್ಯಾನೇಜರ್ ಆಗಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್. ಅಂಥ ದೊಡ್ಡ ಕ್ಲಬ್ ಸೇರಿದ್ಮೇಲೂ ಕೆಲಸ ಬಿಡೋಕೆ ಧೈರ್ಯ ಇಲ್ಲ, ಮ್ಯಾಚ್ ದಿನ ಮಾರೋ ಪುಸ್ತಕದಲ್ಲೇ ವೈರಿಂಗ್ ಕೆಲಸಕ್ಕೆ ಕರೀರಿ ಅಂತ ಜಾಹೀರಾತು ಕೊಟ್ಟಿದ್ದ. ಆ ಕ್ಲಬ್‌ಗೇ 12 ವರ್ಷ ಆಡಿ, ಕ್ಯಾಪ್ಟನ್ ಆಗಿ 1989, 1990 ಎರಡೂ ವರ್ಷ ಲೀಗ್ ಕಪ್ ಎತ್ತಿದ. ಇಂಗ್ಲೆಂಡ್‌ಗೆ 78 ಮ್ಯಾಚ್.

ಪ್ರಶ್ನೆ: ಆಟಗಾರನಾಗಿ ಇಷ್ಟು ಹೆಸರು ಮಾಡಿದವನು ಮ್ಯಾನೇಜರ್ ಆಗಿ ಯಾಕೆ ಮೇಲೆ ಬರ್ಲಿಲ್ಲ?
(ಮೈಸೂರು)

ಉತ್ತರ: ಶುರು ಚೆನ್ನಾಗೇ ಇತ್ತು. 1996ರ ಡಿಸೆಂಬರ್‌ನಲ್ಲಿ ಫಾರೆಸ್ಟ್ ಕೊನೇ ಸ್ಥಾನದಲ್ಲಿದ್ದಾಗ ಆಡ್ತಾ ಆಡ್ತಾನೇ ಮ್ಯಾನೇಜರ್ ಆಗು ಅಂದ್ರು. ಮೊದಲ ಮ್ಯಾಚ್ ಆರ್ಸೆನಲ್ ಮೇಲೆ, ಮನೇಲಿ ಕೂತು ಹನ್ನೊಂದು ಹೆಸರು ಬರೆದು ಹೆಂಡತಿಗೆ ತೋರಿಸಿದ್ರೆ "ಗೋಲ್‌ಕೀಪರ್ ಎಲ್ಲಿ?" ಅಂತ ಕೇಳಿದ್ರಂತೆ! ಇದು ಅವನೇ ಹೇಳ್ಕೊಂಡ ಮಾತು. ಮ್ಯಾಚ್ 2-1 ಗೆದ್ರು, ಜನವರಿಯಲ್ಲಿ ತಿಂಗಳ ಮ್ಯಾನೇಜರ್ ಪ್ರಶಸ್ತಿನೂ ಬಂತು, ಆದ್ರೂ ಟೀಮ್ ಕೆಳಗಿನ ಡಿವಿಷನ್‌ಗೆ ಇಳೀತು.

ದೊಡ್ಡ ಚಾನ್ಸ್ ಅಂದ್ರೆ ಮ್ಯಾಂಚೆಸ್ಟರ್ ಸಿಟಿ, 2005ರಿಂದ 2007. ಈಗಿನ ದುಡ್ಡಿನ ಸಿಟಿ ಅಲ್ಲ ಅದು, ಅದನ್ನ ಮರೀಬೇಡಿ. 2005ರ ಮೇ 15, ಸೀಸನ್‌ನ ಕೊನೇ ದಿನ, ಮಿಡಲ್ಸ್‌ಬ್ರೋ ಮೇಲೆ ಗೆದ್ರೆ ಯೂರೋಪಿನ ಕ್ಲಬ್‌ಗಳ ಯುಯೆಫಾ ಕಪ್‌ಗೆ ಟಿಕೆಟ್. 1-1 ಇದೆ, ಟೈಮ್ ಇಲ್ಲ. ಪಿಯರ್ಸ್ ಒಬ್ಬ ಮಿಡ್‌ಫೀಲ್ಡರ್‌ನ ಹೊರಗೆ ಕರೆದು ಎರಡನೇ ಗೋಲ್‌ಕೀಪರ್‌ನ ಇಳಿಸಿದ, ಮೊದಲ ಗೋಲ್‌ಕೀಪರ್ ಡೇವಿಡ್ ಜೇಮ್ಸ್‌ಗೆ ಫಾರ್ವರ್ಡ್ ಆಡು ಅಂತ ಮುಂದೆ ಕಳಿಸ್ದ. ಆ ಗಲಾಟೆಯಲ್ಲಿ ಸಿಟಿಗೆ ಪೆನಾಲ್ಟಿ ಸಿಕ್ತು, ರಾಬೀ ಫೌಲರ್ ಹೊಡೆದಿದ್ದನ್ನ ಕೀಪರ್ ತಡೆದ. ಪೆನಾಲ್ಟಿ ಇವನ ಬೆನ್ನು ಬಿಟ್ಟಿದ್ದೇ ಇಲ್ಲ. 2007ರಲ್ಲಿ ಇಂಗ್ಲೆಂಡ್ 21 ವರ್ಷದೊಳಗಿನವರ ಟೀಮ್ ಯೂರೋ ಸೆಮಿಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಎದುರು ಪೆನಾಲ್ಟಿಯಲ್ಲಿ 13-12ರಲ್ಲಿ ಸೋತಿತು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಟೀಮ್ ದಕ್ಷಿಣ ಕೊರಿಯಾಗೆ ಸೋತಿದ್ದೂ ಪೆನಾಲ್ಟಿಯಲ್ಲೇ, ಎರಡಕ್ಕೂ ಮ್ಯಾನೇಜರ್ ಇವನೇ.

ಸಿಟಿಯಲ್ಲಿ ಮಗಳು ಕೊಟ್ಟ ಆಟಿಕೆ ಕುದುರೆ ಒಂದನ್ನ ಅದೃಷ್ಟಕ್ಕೆ ಅಂತ ಮೈದಾನದ ಅಂಚಿನ ಗೆರೆ (ಟಚ್‌ಲೈನ್) ಪಕ್ಕ ಇಟ್ಕೋತಿದ್ದ, ಸೈಕೋ ಅನ್ನೋ ಮನುಷ್ಯ ಮಗಳಿಗೋಸ್ಕರ ಅದನ್ನೂ ಮಾಡ್ದ, ಅದು ನಂಗೆ ತುಂಬಾ ಇಷ್ಟ. ಆದ್ರೆ 2006-07ರಲ್ಲಿ ಹೋಮ್ ಗ್ರೌಂಡ್‌ನ 19 ಲೀಗ್ ಮ್ಯಾಚ್‌ಗೆ ಬರೀ 10 ಗೋಲ್, ಜನವರಿ 1 ಆದ್ಮೇಲೆ ಅಲ್ಲಿ ಒಂದೂ ಇಲ್ಲ. ಮೇನಲ್ಲಿ ಕೆಲಸ ಹೋಯ್ತು. ನನಗೆ ಅನ್ಸೋದು, ಇವ್ನು ಕಷ್ಟ ಬಂದಾಗ ತಾನೇ ಮುಂದೆ ಹೋಗಿ ಹೊಡೀತಿದ್ದವನು, ಗೆರೆ ಆಚೆ ನಿಂತ್ಕೊಂಡು ಬೇರೆಯವರ ಕೈಲಿ ಗೋಲ್ ಹೊಡೆಸೋದು ಅವನಿಗೆ ಒಗ್ಗಲಿಲ್ಲ. 2014ರಲ್ಲಿ ಪ್ರೀತಿಯ ಫಾರೆಸ್ಟ್‌ಗೇ ಮ್ಯಾನೇಜರ್ ಆಗಿ ಹೋದ, ಅಲ್ಲೂ 2015ರ ಫೆಬ್ರವರಿ ದಾಟಲಿಲ್ಲ. ಆಮೇಲೆ ವೆಸ್ಟ್ ಹ್ಯಾಮ್‌ನಲ್ಲಿ ಡೇವಿಡ್ ಮಾಯ್ಸ್ ಕೈಕೆಳಗೆ ಕೋಚ್ ಆಗಿದ್ದ.

ಪ್ರಶ್ನೆ: ಆಟಗಾರನಾಗಿ ಇವನ ಕೊನೇ ಮ್ಯಾಚ್ ಯಾವುದು?
(ಉಡುಪಿ)

ಉತ್ತರ: 2002ರ ಏಪ್ರಿಲ್, ಸಿಟಿ ಪರ, ಪೋರ್ಟ್ಸ್‌ಮತ್ ಎದುರು. ನಲವತ್ತು ತುಂಬೋಕೆ ಕೆಲವೇ ದಿನ. ಟೀಮ್ ಆಗ್ಲೇ ಡಿವಿಷನ್ ಗೆದ್ದು ಪ್ರೀಮಿಯರ್ ಲೀಗ್‌ಗೆ ಏರಿತ್ತು, ಇವನ ವೃತ್ತಿಜೀವನದ ಗೋಲ್ ಲೆಕ್ಕ 99ಕ್ಕೆ ನಿಂತಿತ್ತು. ಆಟ ಮುಗಿಯೋ ಹೊತ್ತಿಗೆ ಪೆನಾಲ್ಟಿ ಸಿಕ್ತು, ಎಲ್ರೂ ಇವನ ಕೈಗೇ ಬಾಲ್ ಕೊಟ್ರು. ಮಿಸ್ ಮಾಡ್ದ. 99ಕ್ಕೇ ಮುಗೀತು.

ಆಸ್ಟಿನ್ ಟೌನ್‌ನವ್ರೇ, ಇದನ್ನೂ ಮಗನಿಗೆ ಓದಿ ಹೇಳಿ.