ಶುಗರ್‌ನಿಂದ ಕಿಡ್ನಿ ಕೆಡುತ್ತಿದ್ದರೆ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಪುಡಿಯಿಂದ ತಡೆಯಬಹುದಾ? ಯಾವ ಬ್ರ್ಯಾಂಡ್ ಒಳ್ಳೆಯದು? ಅಂತ ಕೇಳಿದ್ದೀರಿ.

ಇದೇ ಪ್ರಶ್ನೆಯನ್ನು ನಾಲ್ಕು ವರ್ಷದ ಹಿಂದೆ ನಾನು ಮೆಡಿಕಲ್ ಶಾಪಿನವನ ಹತ್ತಿರ ಕೇಳಿದ್ದೆ. ಅವನು ಮಾರಿದ, ನಾನು ಕೊಂಡೆ.

ಆಗ ನನಗೆ ಶುಗರ್ ಬಂದು 11 ವರ್ಷ. ಕಿಡ್ನಿಗೆ ಮಾಡುವ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.0 ಇತ್ತು, ಹಾಗಾಗಿ ಆರಾಮಾಗಿದ್ದೆ. ಮೂತ್ರದ ಎಸಿಆರ್ (ಅಲ್ಬುಮಿನ್ ಅನ್ನುವ ಪ್ರೋಟೀನ್ ಮೂತ್ರದಲ್ಲಿ ಎಷ್ಟು ಸೋರುತ್ತಿದೆ ಅನ್ನುವ ಪರೀಕ್ಷೆ) ಮಾಡಿಸಿದರೆ 140 ಬಂತು. 30ರ ಒಳಗಿರಬೇಕಾದದ್ದು. ಡಾಕ್ಟರು ಟೆಲ್ಮಿಸಾರ್ಟನ್ ಅನ್ನುವ ಮಾತ್ರೆ ಬರೆದುಕೊಟ್ಟರು. ಗಾಬರಿಯಲ್ಲಿ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತೆ. ಕರುಳಿನ ಬ್ಯಾಕ್ಟೀರಿಯಾ ವಿಷಯ ಸಿಕ್ಕಿದ್ದು ಆಗಲೇ.

ವಿಷಯ ಸುಳ್ಳಲ್ಲ. ತಿಂದ ಪ್ರೋಟೀನಿನಲ್ಲಿ ಅರಗದೆ ಉಳಿದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಅದರಿಂದ ಹುಟ್ಟುವ ಕಸ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಹೊರಗೆ ಹಾಕಬೇಕು. ಕಿಡ್ನಿ ಸೋತರೆ ಕಸ ಒಳಗೇ ನಿಂತು ಕಿಡ್ನಿಯನ್ನು ಇನ್ನಷ್ಟು ಕೆಡಿಸುತ್ತದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು 2019ರಲ್ಲಿ ಅಂಥದ್ದೇ ಒಂದು ಕಸವನ್ನು, ಫಿನೈಲ್ ಸಲ್ಫೇಟನ್ನು, ಹಿಡಿದು ತೋರಿಸಿದರು. ಇಲಿಗಳಲ್ಲಿ ಅದು ಹುಟ್ಟದಂತೆ ತಡೆದಾಗ ಅಲ್ಬುಮಿನ್ ಸೋರುವುದು ಕಮ್ಮಿಯಾಯಿತು. ಇಲಿಗಳಲ್ಲಿ, ಅದೂ ಬ್ಯಾಕ್ಟೀರಿಯಾದ ಒಂದು ಕಿಣ್ವವನ್ನು ತಡೆಯುವ ಔಷಧದಿಂದ. ನಾನು ಮಜ್ಜಿಗೆಗೆ ಕದಡಿ ಕುಡಿಯುತ್ತಿದ್ದ ಪುಡಿಯಿಂದಲ್ಲ.

ಆದರೆ ನನ್ನ ತಪ್ಪು ಪುಡಿ ಕುಡಿದದ್ದಲ್ಲ. ಟೆಲ್ಮಿಸಾರ್ಟನ್ ಬಿಟ್ಟದ್ದು. ಚೀಟಿಯಲ್ಲಿದ್ದದ್ದು ಬಿಪಿ ಮಾತ್ರೆ. ಮನೆಯ ಮಿಷಿನ್‌ನಲ್ಲಿ ಬಿಪಿ 118/76. ಇಲ್ಲದ ಬಿಪಿಗೆ ಮಾತ್ರೆ ಯಾಕೆ, ಅಲ್ವಾ? ದಿನಾ ಬೆಳಿಗ್ಗೆ ಪಟ್ಟಿ ಕಟ್ಟಿ ನೋಡುತ್ತಿದ್ದೆ, ಕ್ಯಾಲೆಂಡರ್ ಮೇಲೆ ಬರೆದಿಡುತ್ತಿದ್ದೆ. ಮಾತ್ರೆ ಬಿಟ್ಟ ಮೇಲೂ 126, 128. ನೋಡು, ನಾನೇ ಸರಿ ಅಂತ ಹೆಂಡತಿಗೆ ತೋರಿಸಿದ್ದೂ ಉಂಟು. ಹೊಟ್ಟೆಯೂ ಹಗುರವಾಗಿತ್ತು, ಹಾಗಾಗಿ ಪುಡಿ ಕೆಲಸ ಮಾಡುತ್ತಿದೆ ಅಂದುಕೊಂಡೆ. 14 ತಿಂಗಳು ಮೂತ್ರ ಪರೀಕ್ಷೆಗೇ ಹೋಗಲಿಲ್ಲ.

ಹೋದಾಗ ಎಸಿಆರ್ 460.

"ಏನ್ರೀ, ಆ ಮಾತ್ರೆ ಬರೀ ಬಿಪಿಗೆ ಅಂತ ಯಾರು ಹೇಳಿದ್ದು?" ಅಂದರು ಡಾಕ್ಟರು. ಕಿಡ್ನಿಯೊಳಗೆ ಸಣ್ಣ ಸಣ್ಣ ಜರಡಿಗಳಿವೆ. ಶುಗರ್ ಇದ್ದವರಲ್ಲಿ ಅವುಗಳ ಮೇಲೆ ಒತ್ತಡ ಏರಿ ಪ್ರೋಟೀನ್ ಸೋರುತ್ತದೆ. ಆ ಮಾತ್ರೆ ಆ ಒತ್ತಡವನ್ನು ಇಳಿಸುತ್ತದೆ. ತೋಳಿಗೆ ಪಟ್ಟಿ ಕಟ್ಟಿದರೆ ಅದು ಕಾಣುವುದಿಲ್ಲ. ಇದನ್ನು ಮೊದಲೇ ಕೇಳಿದ್ದರೆ ಎರಡು ನಿಮಿಷದ ಮಾತು.

ಮಾತ್ರೆ ಮತ್ತೆ ಶುರುವಾಯಿತು, ಜೊತೆಗೆ ಡಾಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ. ಈಗ ಎಸಿಆರ್ 210. ಮೊದಲಿನ 140ಕ್ಕೆ ಇನ್ನೂ ಬಂದಿಲ್ಲ.

ಹಾಗಾಗಿ ಯಾವ ಬ್ರ್ಯಾಂಡ್ ಅನ್ನುವ ಪ್ರಶ್ನೆಯೇ ನನ್ನ ಪ್ರಕಾರ ತಪ್ಪು. ಕಿಡ್ನಿ ಕೆಡುವುದನ್ನು ಪುಡಿ ತಡೆಯುತ್ತದೆ ಅಂತ ಇನ್ನೂ ಸಾಬೀತಾಗಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ನಾರು. ಅದು ರಾಗಿಯಲ್ಲಿದೆ, ಕಾಳಿನಲ್ಲಿದೆ, ಸೊಪ್ಪಿನಲ್ಲಿದೆ. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಆದರೆ ಟೆಲ್ಮಿಸಾರ್ಟನ್ ತರಹದ ಮಾತ್ರೆಯಲ್ಲಿ ಪೊಟ್ಯಾಸಿಯಂ ಏರಬಹುದು. ಆದ್ದರಿಂದ ಸೊಪ್ಪು, ಕಾಳು, ಎಳನೀರು ಎಷ್ಟು ಅಂತ ರಕ್ತದ ರಿಪೋರ್ಟ್ ತೋರಿಸಿ ಡಾಕ್ಟರನ್ನೇ ಕೇಳಿ.

ಇನ್ನೊಂದು. ಪುಡಿ ಬಗ್ಗೆ ಕೇಳಿದ್ದೀರಿ, ಈಗ ಯಾವ ಮಾತ್ರೆ ನುಂಗುತ್ತಿದ್ದೀರಿ ಅಂತ ಒಂದು ಸಾಲೂ ಇಲ್ಲ. ಬಿಟ್ಟಿಲ್ಲ ತಾನೇ?