1899ರಲ್ಲಿ ಸೆವಾನೀ ಕಾಲೇಜು ತಂಡ ಆರು ದಿನಗಳಲ್ಲಿ ಐದು ಅಮೆರಿಕನ್ ಫುಟ್‌ಬಾಲ್ ಪಂದ್ಯಗಳನ್ನು ಆಡಿದ್ದೇಕೆ?

ಮುಖ್ಯ ಕಾರಣ ಹಣ. ಟಿಕೆಟ್ ಆದಾಯದ ಹಂಚಿಕೆಯ ಜಗಳದಿಂದಾಗಿ ಆ ವರ್ಷ ಟೆನೆಸ್ಸಿಯ ಈ ಪುಟ್ಟ ಕಾಲೇಜಿಗೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡದ ವಿರುದ್ಧದ ಲಾಭದ ಪಂದ್ಯ ತಪ್ಪಿಹೋಗಿತ್ತು. ಆ ಕೊರತೆ ತುಂಬಲು ತಂಡದ ವ್ಯವಸ್ಥಾಪಕ ಲೂಕ್ ಲೀ ಒಂದೇ ರೈಲು ಪ್ರವಾಸದಲ್ಲಿ ಐದು ಊರುಗಳ ಪಂದ್ಯಗಳನ್ನು ಹೊಂದಿಸಿದರು. ನವೆಂಬರ್ 9ರಿಂದ 14ರವರೆಗೆ, ಭಾನುವಾರವೊಂದನ್ನು ಬಿಟ್ಟು, ಆಸ್ಟಿನ್, ಹ್ಯೂಸ್ಟನ್, ನ್ಯೂ ಆರ್ಲಿಯನ್ಸ್, ಬ್ಯಾಟನ್ ರೂಜ್ ಮತ್ತು ಮೆಂಫಿಸ್‌ಗಳಲ್ಲಿ ಆಡಿದ ತಂಡ ಐದನ್ನೂ ಗೆದ್ದಿತು, ಎದುರಾಳಿಗಳಿಗೆ ಒಂದಂಕವನ್ನೂ ಬಿಟ್ಟುಕೊಡಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲದ, ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಮಂದಿ ಮೈಯೊಡ್ಡಬೇಕಿದ್ದ ಕಾಲದ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದು ನಿಜಕ್ಕೂ ಅಸಾಧಾರಣ ಸಾಧನೆ. ಆ ಋತುವಿನ 12 ಪಂದ್ಯಗಳನ್ನೂ ಗೆದ್ದ ಸೆವಾನೀ ವಿರುದ್ಧ ಅಂಕ ಗಳಿಸಿದ್ದು ಆಬರ್ನ್ ತಂಡವೊಂದೇ. ಅದೂ 11-10ರಿಂದ ಸೋತಿತು.