ಕುರ್ಚಿ ಅಂತ ಗೊತ್ತಾದ್ಮೇಲೂ ಅದು ಅಮೂರ್ತನಾ?

ಪ್ರಶ್ನೆ: ಅಬ್‌ಸ್ಟ್ರ್ಯಾಕ್ಟ್ ಆರ್ಟ್‌ನಲ್ಲಿ, ಅಂದ್ರೆ ಅಮೂರ್ತ ಕಲೆಯಲ್ಲಿ, ಯಾವ ವಸ್ತುನೂ ಗುರುತು ಸಿಗಬಾರ್ದು ಅಂದ್ಕೊಂಡಿದ್ದೆ. ಆದ್ರೆ ಈಗಿನ ಕಲಾವಿದರ ಕೆಲಸದಲ್ಲಿ ಕುರ್ಚಿ, ಮೇಜು, ಬೀರು ಬರ್ತಾನೇ ಇರತ್ತೆ. ಗುರುತು ಸಿಕ್ಮೇಲೆ ಅದು ಅಮೂರ್ತ ಹೇಗೆ?

ಉತ್ತರ: ಕಲಾವಿದರು ಆ ವಸ್ತುವಿನಲ್ಲಿ ಏನನ್ನ ಉಳಿಸ್ಕೊಂಡ್ರು, ಏನನ್ನ ಬಿಟ್ರು ಅಂತ ನೋಡಿ. ಅಮೆರಿಕದ ರಿಚರ್ಡ್ ಆರ್ಟ್‌ಶ್ವಾಗರ್ ಮೊದ್ಲು ಫರ್ನಿಚರ್ ಮಾಡಿ ಮಾರ್ತಿದ್ದವರು, 1964ರಲ್ಲಿ ಗುಲಾಬಿ ಬಟ್ಟೆ ಹಾಸಿದ ಮೇಜು ಮಾಡಿದ್ರು. ಹತ್ರದಿಂದ ನೋಡಿದ್ರೆ ಅದು ಬರೀ ಒಂದು ಪೆಟ್ಟಿಗೆ, ಮೇಲೆಲ್ಲಾ ಫಾರ್ಮೈಕಾ ಶೀಟ್ ಅಂಟ್ಸಿರೋದು, ಕಂದು ಪಟ್ಟಿ ಅಂದ್ರೆ ಕಾಲು, ಗುಲಾಬಿ ತ್ರಿಕೋನ ಅಂದ್ರೆ ಇಳಿಬಿದ್ದ ಬಟ್ಟೆ, ಕಾಲುಗಳ ನಡುವೆ ಖಾಲಿ ಇರಬೇಕಾದ ಕಡೆ ಕಪ್ಪು ಶೀಟ್. ಮೇಜಿನ ಕೆಳಗೆ ಕಾಲು ಚಾಚೋ ಹಾಗೇ ಇಲ್ಲ, ಖಾಲಿ ಜಾಗಾನೇ ಗಟ್ಟಿ.

ಬ್ರಿಟನ್ನಿನ ರೇಚಲ್ ವೈಟ್‌ರೀಡ್ 1995ರಲ್ಲಿ ಕುರ್ಚಿಗಳ ಸೀಟ್ ಕೆಳಗಿನ ಜಾಗವನ್ನೇ ರೆಸಿನ್‌ನಲ್ಲಿ (ಸುರಿದ್ಮೇಲೆ ಗಟ್ಟಿಯಾಗೋ ಪ್ಲಾಸ್ಟಿಕ್‌ನಂಥ ದ್ರವ) ಎರಕ ಹೊಯ್ದು, ಅಂಥ 100 ದಿಮ್ಮಿಗಳನ್ನ ಸಾಲಾಗಿ ಇಟ್ರು. ಕುರ್ಚಿ ಮಾತ್ರ ಒಂದೂ ಇಲ್ಲ! ದಿಮ್ಮಿಯ ನಾಲ್ಕು ಮೂಲೇಲೂ ಕಾಲಿದ್ದ ಜಾಗ ತಗ್ಗಾಗಿ ಉಳ್ಕೊಂಡಿದೆ, ಬೆಳಕು ಬಿದ್ರೆ ರೆಸಿನ್ ಒಳಗಿಂದ ಹೊಳೆಯತ್ತೆ. ನನ್ನ ಪ್ರಕಾರ ಇದು ಅಮೂರ್ತಾನೇ, ಆದ್ರೂ ಇದು ಕೂರೋ ಎತ್ತರ ಅಂತ ನಮ್ಮ ಮೈಗೆ ತಕ್ಷಣ ಗೊತ್ತಾಗತ್ತೆ. ಯಾಕಂದ್ರೆ ಫರ್ನಿಚರ್ ಮಾಡೋದೇ ನಮ್ಮ ಮೊಣಕಾಲು, ಸೊಂಟ, ಬೆನ್ನಿನ ಅಳತೆಗೆ ಅಲ್ವಾ, ಉಳಿದಿದ್ದೆಲ್ಲಾ ತೆಗೆದು ಹಾಕಿದ್ರೂ ಆ ಅಳತೆ ಹೋಗಲ್ಲ, ಮನುಷ್ಯನನ್ನ ಬರೀದೇನೇ ಮನುಷ್ಯ ಅಲ್ಲಿರ್ತಾನೆ.

ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ಅವರ ಕೆಲಸದಲ್ಲಿ ಇದು ಎದೆಗೆ ನಾಟತ್ತೆ. ಅಲ್ಲಿನ ಹಿಂಸೆಯಲ್ಲಿ ತಮ್ಮವರನ್ನ ಕಳ್ಕೊಂಡ ಕುಟುಂಬಗಳ ಮಾತು ಕೇಳಿಸ್ಕೊಂಡು, ಹಳೇ ಬೀರುಗಳಿಗೆ ಕಾಂಕ್ರೀಟ್ ತುಂಬಿದ್ರು. ಕೆಲವದ್ರಲ್ಲಿ ಕಾಂಕ್ರೀಟಲ್ಲಿ ಹೂತೋದ ಬಟ್ಟೆಯ ಮಡಿಕೆ ಕಾಣತ್ತೆ. ಆ ಬಟ್ಟೆ ಇನ್ನು ಯಾರೂ ತೆಗೆದು ಹಾಕ್ಕೊಳಂಗಿಲ್ಲ.

ಪ್ರಶ್ನೆ: ಹಾಗಾದ್ರೆ ಡಿಸೈನರ್ ಕುರ್ಚಿಗೂ ಕಲಾಕೃತಿಗೂ ಏನ್ ವ್ಯತ್ಯಾಸ?

ಉತ್ತರ: ಅಮೆರಿಕದ ಕಲಾವಿದ ಡೊನಾಲ್ಡ್ ಜಡ್ ಶಿಲ್ಪಾನೂ ಮಾಡಿದ್ರು ಕುರ್ಚಿನೂ ಮಾಡಿದ್ರು, ಆದ್ರೆ ಎರಡನ್ನೂ ಬೆರೆಸಲಿಲ್ಲ, ಕುರ್ಚಿ ಅಂದ್ಮೇಲೆ ಕೂರೋಕೆ ಆಗ್ಬೇಕು ಅನ್ನೋದು ಅವರ ನಿಲುವು. ಅಲ್ಲಿನವರೇ ಆದ ಶಿಲ್ಪಿ ಸ್ಕಾಟ್ ಬರ್ಟನ್‌ಗೆ ಈ ಗಡಿ ಬೇಕಿರ್ಲಿಲ್ಲ, 1980-81ರಲ್ಲಿ ಎರಡು ಬಂಡೆಗಳನ್ನ ಕೂರೋಕೆ, ಒರಗೋಕೆ ಅಂತ ಸಪಾಟಾಗಿ ಕೊಯ್ದು ಉಳಿದಿದ್ದನ್ನ ಒರಟಾಗೇ ಬಿಟ್ರು. ನಾನು ಬರ್ಟನ್ ಪರ.

ಪ್ರಶ್ನೆ: ನಾನೂ ಪೇಂಟ್ ಮಾಡ್ತೀನಿ. ಕುರ್ಚಿಯಿಂದ ಅಮೂರ್ತಕ್ಕೆ ಹೋಗೋದು ಹೇಗೆ?

ಉತ್ತರ: ಕುರ್ಚಿ ಬರೀಬೇಡಿ, ಅದರ ಸಂದುಗಳನ್ನ ಬರೀರಿ. ಕಾಲುಗಳ ನಡುವೆ, ಕೈ ಕೆಳಗೆ, ಬೆನ್ನಿನ ಪಟ್ಟಿಗಳ ಮಧ್ಯೆ ಕಾಣೋ ಒಂದೊಂದು ಆಕಾರಕ್ಕೂ ಒಂದೊಂದು ಬಣ್ಣ ತುಂಬಿ. ಕುರ್ಚಿನ ಸ್ವಲ್ಪ ತಿರುಗಿಸಿ ಅದೇ ಹಾಳೆ ಮೇಲೆ ಇನ್ನೊಂದ್ಸಲ ಬರೀರಿ. ಯಾವ ಆಕಾರ ಬಿಡೋಕೆ ಮನಸ್ಸಾಗಲ್ವೋ ಅದನ್ನ ಇಟ್ಕೊಂಡು ದೊಡ್ಡ ಕ್ಯಾನ್‌ವಾಸ್‌ಗೆ ಹೋಗಿ.